ಪ್ರತಿನಿಧಿಯ ಗಂಡ

ಮೈಸೂರು

ಇಂಗ್ಲೆಂಡಿಗೆ ಹೋಗುವವರು ಓದುವುದಕ್ಕೆ ಹೋಗುತ್ತಾರೆ, ವ್ಯಾಪಾರಕ್ಕೆ ಹೋಗುತ್ತಾರೆ, ದುಡ್ಡಿದ್ದವರು ಕಾಯಿಲೆ ವಾಸಿ ಮಾಡಿಕೊಳ್ಳಲು ಹೋಗುತ್ತಾರೆ. ನಾನು ಹೋದದ್ದು ಹೆಂಡತಿಯ ಹಿಂದೆ. ಇದನ್ನು ಹೇಳಿದಾಗಲೆಲ್ಲ ನಮ್ಮ ಶಾಲೆಯ ಮೇಷ್ಟರುಗಳ ಕೋಣೆಯಲ್ಲಿ ನಗೆ ಏಳುತ್ತಿತ್ತು. ನಗುವವರು ನಗಲಿ ಎಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ. ಆ ಒಂದು ವಾರದಲ್ಲಿ ನಾನು ಬೆಚ್ಚಿಬಿದ್ದಷ್ಟು ಸಲ ಉಳಿದ ಆಯುಷ್ಯದಲ್ಲೆಲ್ಲ ಬಿದ್ದಿಲ್ಲ.

ನಾನು ಸಿದ್ದೇಗೌಡ, ಮೈಸೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನನ್ನ ಹೆಂಡತಿ ಜಯಮ್ಮ ಬಿ.ಎ. ಓದಿದವಳು, ಮುನಿಸಿಪಾಲಿಟಿ ಮೆಂಬರು. ನಮ್ಮಿಬ್ಬರ ಹಿರಿಯರೂ ಆರು ಕಟ್ಟಿ ಹೊಲ ಉತ್ತವರೇ. ನಮ್ಮ ಕುಲದಲ್ಲಿ ಹಡಗು ಹತ್ತಿದವರು ಮೊದಲು ನಾವೇ. ಅವಳು ಸೇರಿದ್ದ ಪಕ್ಷ ತೀರ ಸಣ್ಣದು, ಇವತ್ತು ಅದರ ಹೆಸರು ಹೇಳಿದರೆ ಅಂಥದೊಂದಿತ್ತೇ ಎಂದು ಕೇಳುತ್ತೀರಿ. ಆದರೂ ಇಂಗ್ಲೆಂಡಿನ ಒಂದು ಪಕ್ಷಕ್ಕೂ ಅದಕ್ಕೂ ಕಾಗದಪತ್ರದ ಸ್ನೇಹವಿತ್ತು. ಆ ಪಕ್ಷದವರು ತಮ್ಮ ವರ್ಷದ ಮಹಾಧಿವೇಶನಕ್ಕೆ ನಮ್ಮಿಂದ ಒಬ್ಬ ಪ್ರತಿನಿಧಿಯನ್ನು ಕರೆದರು. ಹೆಂಗಸಾದರೆ ಇನ್ನೂ ಸಂತೋಷ, ಜೊತೆಗೆ ಗಂಡನೂ ಬರಬಹುದು ಎಂದಿದ್ದರು. ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡುವ ಹೆಂಗಸು ನಮ್ಮ ಪಕ್ಷದಲ್ಲಿ ಜಯಮ್ಮ ಒಬ್ಬಳೇ.

ಹೊರಡುವ ಮುಂಚೆ ಪಕ್ಷದ ಅಧ್ಯಕ್ಷರು ರಂಗಪ್ಪನವರು ದೇವರಾಜ ಮೊಹಲ್ಲಾದ ತಮ್ಮ ಮನೆಗೆ ನನ್ನೊಬ್ಬನನ್ನೇ ಕರೆಸಿದರು. ಟೈಪು ಮಾಡಿಸಿದ ಒಂದು ಹಾಳೆ ತೋರಿಸಿದರು. ಜಯಮ್ಮ ವೇದಿಕೆಯ ಮೇಲೆ ಓದಬೇಕಾದ ಭಾಷಣ ಅದು, ಅವಳಿಗೂ ಒಂದು ಪ್ರತಿ ಕಳಿಸಿದ್ದರು. ನಮ್ಮ ದೇಶದ ಪುರಾತನ ಸಂಸ್ಕೃತಿ, ಎರಡೂ ದೇಶಗಳ ಸ್ನೇಹ, ವಂದನೆ, ಅಷ್ಟೇ.

“ಜಯಮ್ಮನೋರು ಒಳ್ಳೇವ್ರು ಮೇಷ್ಟ್ರೇ. ಆದ್ರೆ ಬಾಯಿಗೆ ಬೀಗ ಇಲ್ಲ. ಇದ್ರಲ್ಲಿರೋದನ್ನ ಓದಿಸ್ಬುಡಿ, ಸಾಕು. ಬಂದ್ಮೇಲೆ ಅಸೆಂಬ್ಲಿ ಟಿಕೇಟು ಅವರದೇ” ಎಂದರು.

ಯಾಕೆ ಹಾಗಂದರು ಎಂದು ನನಗೆ ಗೊತ್ತಿತ್ತು. ಬನ್ನಿಮಂಟಪದ ಕಡೆ ಮನೆಮನೆಯಲ್ಲೂ ಹೆಂಗಸರು ಊದುಬತ್ತಿ ಹೊಸೆಯುತ್ತಾರೆ. ಇದ್ದಿಲುಪುಡಿ ಕಲಸಿದ ಕಣಕವನ್ನು ಕಡ್ಡಿಗೆ ಉರುಳಿಸಿ ಉರುಳಿಸಿ ಅವರ ಅಂಗೈ ಕಪ್ಪಾಗಿರುತ್ತದೆ. ಅವರು ಹೊಸೆದು ತಂದ ಕಟ್ಟುಗಳಲ್ಲಿ ಕೆಲವನ್ನು ‘ಕೆಟ್ಟಿದೆ’ ಎಂದು ಪಕ್ಕಕ್ಕಿಟ್ಟು, ಅದಕ್ಕೆ ಕೂಲಿ ಕೊಡದೆ, ಆಮೇಲೆ ಅದನ್ನೂ ಮಾರುವ ಸಾಹುಕಾರರಿದ್ದರು. ಜಯಮ್ಮ ಮುನಿಸಿಪಾಲಿಟಿಗೆ ಗೆದ್ದದ್ದು ಈ ಹೆಂಗಸರ ಓಟಿನಿಂದ. ಪಕ್ಷ ನಡೆಯುತ್ತಿದ್ದದ್ದು ಆ ಸಾಹುಕಾರರ ದಯೆಯಿಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇವಳೂ ಅಧ್ಯಕ್ಷರೂ ಎರಡು ವರ್ಷದಿಂದ ಜಗ್ಗಾಡುತ್ತಿದ್ದರು.

ನನಗಂತೂ ಅಸೆಂಬ್ಲಿ ಎಂಬ ಮಾತು ಕಿವಿಗೆ ಜೇನಿನ ಹಾಗೆ ಬಿತ್ತು. ಜಯಮ್ಮನಿಗೂ ಆ ಟಿಕೇಟು ಬೇಕಾಗಿತ್ತು. ಅಲ್ಲಿ ಕೂತರೆ ತಾನೇ ಕಾನೂನು ಮಾಡಿಸಬಹುದು ಎನ್ನುತ್ತಿದ್ದಳು. ಅದು ನನ್ನ ಜವಾಬ್ದಾರಿ ಸ್ವಾಮಿ ಎಂದು ಮಾತು ಕೊಟ್ಟು ಬಂದೆ. ಮನೆಯಲ್ಲಿ ಈ ವಿಷಯ ಎತ್ತಲಿಲ್ಲ.

ಮಿಸೆಸ್ ಪಿಕರಿಂಗ್ ಮನೆ

ಹಡಗಿನ ವಿಷಯ ಬರೆಯುವುದಿಲ್ಲ. ನಾನು ಕಂಡದ್ದು ಬಕೆಟ್ಟಿನ ತಳ ಮಾತ್ರ. ಅಧಿವೇಶನ ನಡೆದದ್ದು ಲಂಡನ್ನಿನಲ್ಲಲ್ಲ, ಉತ್ತರದ ಕಡೆ ಸಮುದ್ರದಂಡೆಯ ಒಂದು ಊರಿನಲ್ಲಿ. ಅಲ್ಲಿನ ಪಕ್ಷಗಳು ಹೀಗೆ ವಿಹಾರದ ಊರುಗಳಲ್ಲಿ, ಪ್ರವಾಸಿಗರು ಕಡಿಮೆಯಾದ ಮೇಲೆ ಸಭೆ ಸೇರುತ್ತವೆ. ನಮ್ಮಲ್ಲಿ ಅಧಿವೇಶನವೆಂದರೆ ಹೊಲದಲ್ಲಿ ಚಪ್ಪರ ಹಾಕಿ, ಅದಕ್ಕೊಂದು ನಗರದ ಹೆಸರಿಟ್ಟು, ಬಾಗಿಲಿಗೆ ಮಾವಿನೆಲೆ ಕಟ್ಟುತ್ತಾರೆ. ಅಲ್ಲಿ ಒಂದು ತೋರಣವಿಲ್ಲ, ವಾದ್ಯವಿಲ್ಲ. ನಿಲ್ದಾಣದಲ್ಲಿ ನಮ್ಮನ್ನು ಎದುರುಗೊಂಡದ್ದು ಮಳೆ, ಮಳೆಯ ಕೆಳಗೆ ಕೊಡೆ ಹಿಡಿದ ಒಬ್ಬ ಮುದುಕರು. ಅವರು ಆ ಪಕ್ಷದ ಖಜಾಂಚಿಯಂತೆ. ನಮ್ಮ ಪೆಟ್ಟಿಗೆಯನ್ನು ಅವರೇ ಎತ್ತಿಕೊಂಡು ನಡೆದರು. ಖಜಾಂಚಿ ಪೆಟ್ಟಿಗೆ ಹೊರುವುದೆಂದರೇನು ಎಂದು ನಾನು ಅದನ್ನು ಕಿತ್ತುಕೊಳ್ಳಲು ಹೋಗಿ, ಬೀದಿಯಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಎಳೆದಾಡಿದೆವು.

ನಮಗೆ ಇಳಿದುಕೊಳ್ಳಲು ಏರ್ಪಾಟಾಗಿದ್ದದ್ದು ಮಿಸೆಸ್ ಪಿಕರಿಂಗ್ ಎಂಬ ವಿಧವೆಯ ಮನೆಯಲ್ಲಿ. ಊಟ ಹಾಕಿ ಕೋಣೆ ಕೊಡುವ ಮನೆ. ಎತ್ತರದ ಹೆಂಗಸು, ಕೈ ಯಾವಾಗಲೂ ಏಪ್ರನ್ನಿನ ಜೇಬಿನಲ್ಲಿ. ಮೊದಲ ದಿನ ಬೆಳಿಗ್ಗೆ ನಾನು ಸ್ನಾನಕ್ಕೆ ನೀರು ಕೇಳಿದೆ. ನಿನ್ನೆ ತಾನೇ ಬಂದಿದ್ದೀರಲ್ಲ ಎಂದರು. ನಾನು ಏನು ತಪ್ಪು ಮಾಡಿದೆ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಆ ಮನೆಯಲ್ಲಿ ಸ್ನಾನ ವಾರಕ್ಕೊಂದು ಸಲ, ಅದೂ ಮುಂಚೆ ತಿಳಿಸಿದರೆ. ದಿನಾ ಸ್ನಾನ ಮಾಡುತ್ತೇನೆ ಎಂದಾಗ ಅವರು ನನ್ನನ್ನು ಕನಿಕರದಿಂದ ನೋಡಿ, ಅದಕ್ಕೆ ಡಾಕ್ಟರಿಗೆ ತೋರಿಸಿದ್ದೀರಾ ಎಂದು ಕೇಳಿದರು. ಚರ್ಮದ ಕಾಯಿಲೆ ಎಂದುಕೊಂಡಿದ್ದರು.

ಅದನ್ನಾದರೂ ಸಹಿಸಿದೆ. ಬೆಳಗಿನ ತಿಂಡಿ ಮುಗಿಸಿ ಕೋಣೆಗೆ ಹೋಗಿ ಹತ್ತು ನಿಮಿಷ ಕಾಲು ಚಾಚೋಣ ಎಂದು ಮೆಟ್ಟಿಲು ಹತ್ತುತ್ತಿದ್ದೆ. ಮಿಸೆಸ್ ಪಿಕರಿಂಗ್ ಅಡ್ಡ ಬಂದು, ಇನ್ನು ಹೊರಡಿ ಎಂದರು. ತಿಂಡಿ ಆದ ಮೇಲೆ ಬಂದವರೆಲ್ಲ ಮನೆ ಬಿಡಬೇಕು, ಸಂಜೆ ಊಟದ ಹೊತ್ತಿಗೆ ಬಾಗಿಲು ತೆಗೆಯುತ್ತಾರೆ, ನಡುವೆ ಬೀಗ. ಅದು ಅವರೊಬ್ಬರ ದರ್ಪವಲ್ಲ, ಆ ಬೀದಿಯ ಪ್ರತಿಯೊಂದು ಮನೆಯ ನಿಯಮವೂ ಅದೇ. ನನ್ನ ಕಣ್ಣೆದುರೇ ಬಾಗಿಲುಗಳು ಒಂದರ ಹಿಂದೊಂದು ತೆರೆದು, ಅತಿಥಿಗಳು ಮಳೆಗೆ ಇಳಿದು, ಬಾಗಿಲುಗಳು ಮುಚ್ಚಿಕೊಂಡವು. ಬಂದವರನ್ನು ಉಂಡು ಹೋಗಿ ಎಂದು ಕೈ ಹಿಡಿದು ಕೂರಿಸುವ ಊರಿನವನು ನಾನು. ತಿಂದಾಯಿತಲ್ಲ ಹೊರಡಿ ಎಂದು ಹೇಳಿಸಿಕೊಂಡದ್ದು ಅದೇ ಮೊದಲು. ಗಂಟಲಲ್ಲಿ ಇನ್ನೂ ರೊಟ್ಟಿ ಇತ್ತು.

ಹಾಗೆ ಹೊರಬಿದ್ದವರೆಲ್ಲ ಎಲ್ಲಿಗೆ ಹೋಗುತ್ತಾರೆ ಎಂದು ನೋಡಿದೆ. ಸಮುದ್ರದ ಎದುರಿಗೆ ಗಾಜು ಕೂರಿಸಿದ ತಂಗುದಾಣಗಳಿವೆ. ಅಲ್ಲಿ ವಯಸ್ಸಾದ ಗಂಡಹೆಂಡಿರು ಕಂಬಳಿ ಹೊದ್ದು, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು, ಒಂದು ಮಾತೂ ಆಡದೆ ನೀರು ನೋಡುತ್ತ ಸಂಜೆಯವರೆಗೆ ಕೂರುತ್ತಾರೆ. ಅದಕ್ಕೆ ಅವರು ರಜೆ ಎನ್ನುತ್ತಾರೆ.

ಟೋಪಿಗಳ ನಡುವೆ

ಜಯಮ್ಮ ಸಭೆಗೆ ಹೋದಳು. ನನಗೆ ಬೇರೆ ಏರ್ಪಾಟಿತ್ತು. ಪ್ರತಿನಿಧಿಗಳ ಜೊತೆ ಬಂದ ಸಂಗಾತಿಗಳಿಗೆಂದೇ ವಾರವಿಡೀ ಕಾರ್ಯಕ್ರಮಗಳಿದ್ದವು. ಕೋಟಿಗೆ ಚುಚ್ಚಿಕೊಳ್ಳಲು ಒಂದು ಗುಲಾಬಿ ಬಣ್ಣದ ರಿಬ್ಬನ್ನು ಕೊಟ್ಟರು. ಕೋಣೆಯೊಳಕ್ಕೆ ಹೋಗಿ ನೋಡಿದರೆ ಎಲ್ಲರೂ ಹೆಂಗಸರೇ, ರಿಬ್ಬನ್ನಿನ ಗಂಡಸು ನಾನೊಬ್ಬನೇ. ಹೆಂಡತಿ ಪ್ರತಿನಿಧಿಯಾಗಿ ಗಂಡ ಜೊತೆಗೆ ಬರುವುದನ್ನು ಅವರೂ ಅಷ್ಟಾಗಿ ಕಂಡಿರಲಿಲ್ಲ. ಮುಂದುವರಿದ ದೇಶ ಎಂದು ಹೊಗಳಿಕೊಂಡು ಬಂದಿದ್ದ ನನಗೆ ಇದೊಂದು ಆಘಾತ. ಜಯಮ್ಮನೇ ಅವರಿಗಿಂತ ಮುಂದೆ ಹೋಗಿದ್ದಳು, ಅವಳ ಬಾಲ ಹಿಡಿದು ನಾನೂ.

ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡವರು ಮಿಸೆಸ್ ಆಶ್‌ವರ್ತ್. ಗಂಡ ಬಸ್ಸು ಓಡಿಸುವವರು, ಯಾವುದೋ ಸಣ್ಣ ಊರಿನ ಪ್ರತಿನಿಧಿ. ದಪ್ಪ ಕನ್ನಡಕದ, ಬಾಯಿತುಂಬ ಮಾತಿನ ಹೆಂಗಸು. ವಾರವಿಡೀ ನನಗೆ ಅಲ್ಲಿನ ರೀತಿನೀತಿ ಹೇಳಿಕೊಟ್ಟವರು ಅವರೇ. ಎಲ್ಲವನ್ನೂ ಹೇಳಿದರು, ಒಂದನ್ನು ಬಿಟ್ಟು. ಅದು ಆಮೇಲೆ ಬರುತ್ತದೆ.

ಮೊದಲ ದಿನ ಬಿಸ್ಕತ್ತಿನ ಕಾರ್ಖಾನೆ ತೋರಿಸಿದರು. ಎರಡನೆಯ ದಿನ ಟೀ, ಟೀ ಜೊತೆಗೆ ಟೋಪಿಗಳ ಸ್ಪರ್ಧೆ. ಹೆಂಗಸರು ತಲೆಯ ಮೇಲೆ ಹಕ್ಕಿ, ಹಣ್ಣು, ಹೂವಿನ ಗಿಡ ಎಲ್ಲವನ್ನೂ ಇಟ್ಟುಕೊಂಡು ಸಾಲಾಗಿ ನಡೆದರು. ನಾನು ಮೂಲೆಯಲ್ಲಿ ಜರಿಪೇಟ ಇಟ್ಟುಕೊಂಡು ಮರ್ಯಾದೆಯಾಗಿ ಕೂತಿದ್ದೆ. ತೀರ್ಪು ಕೊಡುವ ಹೆಂಗಸು ನನ್ನ ಮುಂದೆ ನಿಂತರು, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಎರಡನೆಯ ಬಹುಮಾನ ಎಂದರು. ಮದುವೆಮನೆಯಲ್ಲಿ, ದರ್ಬಾರಿನಲ್ಲಿ ಇಡುವ ಪೇಟ ಅದು, ಸ್ಪರ್ಧೆಗೆ ಬಂದದ್ದಲ್ಲ ಎಂದು ನಾನು ಎದ್ದು ವಿವರಿಸತೊಡಗಿದೆ. ವಿವರಿಸಿದಷ್ಟೂ ಅವರ ಸಂತೋಷ ಹೆಚ್ಚಿತು. ಕೊನೆಗೆ ಒಂದು ಡಬ್ಬ ಮಿಠಾಯಿ ಹಿಡಿದುಕೊಂಡು ಹೊರಬಂದೆ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎಂದು ಅದನ್ನು ತಂಗುದಾಣದಲ್ಲಿ ಕೂತು ತಿಂದೆ.

ಸಭಾಂಗಣ

ಮೂರನೆಯ ದಿನ ಸೋಮಾರಿ ಟೀಗಳು ಸಾಕಾಗಿ ಸಭೆಯ ಗ್ಯಾಲರಿಗೆ ಹೋದೆ. ಮಿಸೆಸ್ ಆಶ್‌ವರ್ತ್ ಜೊತೆಗೆ ಬಂದರು. ಗ್ಯಾಲರಿಯಲ್ಲಿ ಒಬ್ಬ ಯುವಕ ಎದ್ದು ನಿಂತು ಕನ್ನಡದಲ್ಲಿ ನಮಸ್ಕಾರ ಎಂದ. ಮೂರ್ತಿ ಎಂದು ಹೆಸರು, ಹತ್ತಿರದ ಊರಿನಲ್ಲಿ ಓದುತ್ತಿದ್ದ. ನಮ್ಮ ಮೈಸೂರಿನ ಊದುಬತ್ತಿ ಸಾಹುಕಾರರೊಬ್ಬರ ಮಗ. ಊರಿನವರ ಭಾಷಣ ಕೇಳಲು ಬಂದಿದ್ದೇನೆ ಎಂದ. ನನಗೆ ಸಂತೋಷವೂ ಆಯಿತು, ಒಂಚೂರು ಭಯವೂ ಆಯಿತು.

ಕೆಳಗೆ ಆ ಪಕ್ಷದ ನಾಯಕರು ಮಾತಾಡುತ್ತಿದ್ದರು. ನಾಳೆ ಆ ದೇಶದ ಪ್ರಧಾನಿಯಾದರೂ ಆಗಬಹುದಾದ ಮನುಷ್ಯ. ಅವರು ಮಾತಾಡುತ್ತಿರುವಾಗಲೇ ಸಭೆಯ ಮಧ್ಯದಿಂದ ಒಬ್ಬ ಬಡಕಲು ಹೆಂಗಸು, ಅದೆಲ್ಲ ಕಸ ಎಂದು ಕೂಗಿದಳು. ನಾನು ಪೊಲೀಸರು ಬರುತ್ತಾರೆಂದು ಬಾಗಿಲ ಕಡೆ ನೋಡಿದೆ. ಯಾರೂ ಬರಲಿಲ್ಲ. ಅವಳ ಸರದಿ ಬಂದಾಗ ವೇದಿಕೆ ಹತ್ತಿ, ನಾಯಕರ ಮುಖಕ್ಕೆ ಎದುರಾಗಿ, ಅವರು ಯಾಕೆ ತಪ್ಪು ಎಂದು ಒಂದೊಂದಾಗಿ ಹೇಳಿದಳು. ಟೇಬಲ್ಲಿನ ಮೇಲೆ ಕೆಂಪು ದೀಪ ಹತ್ತಿದ ಕೂಡಲೇ ನಿಲ್ಲಿಸಿ ಇಳಿದಳು. ಅಲ್ಲಿ ಯಾರಿಗಾದರೂ ಇಷ್ಟೇ ಹೊತ್ತು, ದೀಪ ಹತ್ತಿದರೆ ಮುಗಿಯಿತು. ಬಿಡುವಿನಲ್ಲಿ ನೋಡಿದರೆ ಅದೇ ಹೆಂಗಸು ಟೀ ಸಾಲಿನಲ್ಲಿ ನಿಂತಿದ್ದಾಳೆ, ಅವಳ ಹಿಂದೆ ಖಾಲಿ ಬಟ್ಟಲು ಹಿಡಿದುಕೊಂಡು ನಾಯಕರು ನಿಂತಿದ್ದಾರೆ.

ನಮ್ಮ ಪಕ್ಷದ ಅಧಿವೇಶನ ನೆನಪಾಯಿತು. ರಂಗಪ್ಪನವರು ಠರಾವು ಓದುತ್ತಾರೆ, ಎಲ್ಲರೂ ಜೈ ಎನ್ನುತ್ತಾರೆ, ಹಾರ ಹಾಕಲು ನೂಕಾಟವಾಗುತ್ತದೆ. ಗಂಟೆ ಬಾರಿಸಿದರೂ ಯಾರೂ ಮಾತು ನಿಲ್ಲಿಸುವುದಿಲ್ಲ, ಬೇಡ ಎಂದು ಯಾರೂ ಹೇಳುವುದಿಲ್ಲ. ನಾನು ಕೆಳಗೆ ಪ್ರತಿನಿಧಿಗಳ ಸಾಲಿನಲ್ಲಿದ್ದ ಜಯಮ್ಮನನ್ನು ಹುಡುಕಿದೆ. ಅವಳು ಆ ಬಡಕಲು ಹೆಂಗಸನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಹಿಡಿಸಲಿಲ್ಲ.

ಕಿಟಕಿಯಲ್ಲಿ ಮೈಸೂರು

ಆ ಸಂಜೆ ಮಿಸೆಸ್ ಪಿಕರಿಂಗ್ ಬಾಗಿಲು ತೆಗೆಯುವವರೆಗೆ ಇಬ್ಬರೂ ಸಮುದ್ರದ ದಾರಿಯಲ್ಲಿ ಸುತ್ತುತ್ತಿದ್ದೆವು. ಕಪ್ಪೆಚಿಪ್ಪಿನ ಪೆಟ್ಟಿಗೆ, ಪಿಂಗಾಣಿ ನಾಯಿ ಮಾರುವ ಒಂದು ಅಂಗಡಿಯ ಕಿಟಕಿಯಲ್ಲಿ ಒಂದು ಉದ್ದನೆಯ ಹಳದಿ ಪೊಟ್ಟಣ ಕಂಡಿತು. ಮೇಲೆ ಅಂಬಾರಿ ಆನೆ, ಕೆಳಗೆ ಮೈಸೂರು ಎಂದು ಅಚ್ಚು. ನನಗೆ ಎದೆಯುಬ್ಬಿತು. ನೋಡು, ನಮ್ಮ ಊದುಬತ್ತಿ ಇಲ್ಲಿವರೆಗೂ ಬಂದಿದೆ ಎಂದೆ.

ಜಯಮ್ಮ ಒಳಗೆ ಹೋಗಿ ಅದನ್ನು ಕೊಂಡು ತಂದಳು. ಬೀದಿದೀಪದ ಕೆಳಗೆ ಬಿಚ್ಚಿದಳು. ಒಂದು ಕಡ್ಡಿ ತೆಗೆದು ಬೆರಳಿನಲ್ಲಿ ಉರುಳಿಸಿ ನೋಡಿದಳು.

“ಬುಡದತ್ರ ದಪ್ಪ, ತುದೀಲಿ ಸಣ್ಣ. ಇದು ಕೆಟ್ಟಿದೆ ಅಂತ ಪಕ್ಕಕ್ಕೆ ಇಟ್ಕೋತಾರಲ್ಲ, ಆ ಕಟ್ಟಿಂದು ಕಣ್ರೀ. ಕೂಲಿ ಕೊಡ್ದೆ ಇರೋದು” ಎಂದಳು.

ಎಲ್ಲಾ ಕಡ್ಡಿಯೂ ಒಂದೇ ಥರ ಕಾಣುತ್ತದೆ, ಹೇಗೆ ಹೇಳುತ್ತೀಯ ಎಂದು ನಾನು ವಾದಿಸಿದೆ. ಅವಳು ಪೊಟ್ಟಣವನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಊಟದ ಟೇಬಲ್ಲಿನಲ್ಲಿ, ನಾಳೆ ಆ ಹಾಳೆಯಲ್ಲಿರುವುದನ್ನು ಓದುತ್ತೀಯ ತಾನೆ ಎಂದು ಕೇಳಿದೆ. ನೋಡೋಣ ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಟಿಕೇಟಿನ ವಿಷಯ ನೆನಪಿಸಿದೆ, ಅಷ್ಟು ವರ್ಷದಿಂದ ಕಾದಿದ್ದೀಯ ಎಂದೆ. ಅದಕ್ಕೂ ನೋಡೋಣ ಎಂದಳು. ಬೇಯಿಸಿದ ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಬುಧವಾರ

ಹೊರದೇಶದ ಪ್ರತಿನಿಧಿಗಳ ವಂದನೆ ಇದ್ದದ್ದು ಮಧ್ಯಾಹ್ನದ ಊಟದ ಮುಂಚೆ. ಜಯಮ್ಮನದೇ ಕೊನೆಯ ಸರದಿ. ಹಸಿರು ಅಂಚಿನ ಮೈಸೂರು ಸಿಲ್ಕ್ ಉಟ್ಟು, ಕೈಯಲ್ಲಿ ಹಾಳೆ ಹಿಡಿದು ವೇದಿಕೆ ಹತ್ತಿದಳು. ಕೈಯಲ್ಲಿ ಹಾಳೆ ಕಂಡು ನಾನು ನೆಮ್ಮದಿಯಿಂದ ಹಿಂದಕ್ಕೆ ಒರಗಿದೆ.

ಅವಳು ವಂದನೆ ಹೇಳಿದಳು. ಆಮೇಲೆ ಹಾಳೆಯನ್ನು ನಾಲ್ಕಾಗಿ ಮಡಿಸಿದಳು, ಸೆರಗಿನಿಂದ ಆ ಹಳದಿ ಪೊಟ್ಟಣ ತೆಗೆದು ಮೇಲಕ್ಕೆ ಹಿಡಿದಳು. ಇದು ನಿಮ್ಮ ಬೀದಿಯ ಅಂಗಡಿಯಲ್ಲಿ ಸಿಕ್ಕಿತು, ಇದನ್ನು ಹೊಸೆದವಳು ನನ್ನ ಓಟುದಾರಳು, ಅವಳ ಕೈ ಹೇಗಿರುತ್ತದೆ ಎಂದು ಹೇಳುತ್ತೇನೆ ಎಂದು ಶುರು ಮಾಡಿದಳು.

ಪಕ್ಕದ ಸಾಲಿನಲ್ಲಿ ಮೂರ್ತಿ ನೆಟ್ಟಗೆ ಕೂತ. ಎದ್ದು ಹೋಗಿ ತಡೆಯಲೇ ಎಂದುಕೊಂಡೆ. ಗ್ಯಾಲರಿಯಿಂದ ಹಾರುವುದೊಂದೇ ದಾರಿ. ಹಾಗೆ ಚಡಪಡಿಸುತ್ತಲೇ ಕೇಳಿದೆ. ಕೇಳುತ್ತ ಕೇಳುತ್ತ ಚಡಪಡಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಮ್ಮ ಮನೆಯ ಅಡುಗೆಕೋಣೆಯಲ್ಲಿ ಅವಳು ಇದನ್ನೇ ಎಷ್ಟೋ ಸಲ ಹೇಳಿದ್ದಳು. ನಾನು ತಟ್ಟೆ ನೋಡಿಕೊಂಡು ಹೂಂಗುಟ್ಟಿದ್ದೆ. ಆವತ್ತು ಕೇಳಿಸಿತು. ಅನ್ನ ಕಲಸಿದರೆ ಅನ್ನವೂ ಕಪ್ಪಾಗುವ ಕೈ, ಮಗುವಿನ ಕೆನ್ನೆ ಮುಟ್ಟಲು ಹಿಂಜರಿಯುವ ಕೈ, ಸಾಹುಕಾರರು ಕಟ್ಟನ್ನು ಪಕ್ಕಕ್ಕೆ ಎಸೆದಾಗ ಎತ್ತಿಕೊಳ್ಳಲು ಹೋಗಿ ತಳ್ಳಿಸಿಕೊಳ್ಳುವ ಕೈ. ನೀವು ಕೊಳ್ಳಬೇಡಿ ಎನ್ನುತ್ತಿಲ್ಲ, ಕೊಳ್ಳುವಾಗ ಇದಕ್ಕೆ ಕೂಲಿ ಕೊಟ್ಟಿದ್ದಾರೆಯೇ ಎಂದು ಒಂದು ಮಾತು ಕೇಳಿ ಎಂದಳು.

ಕೆಂಪು ದೀಪ ಹತ್ತಿತು. ಅವಳು ನಿಲ್ಲಿಸಲಿಲ್ಲ. ದೀಪ ಹತ್ತಿಯೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ನಿಧಾನವಾಗಿ ಚಪ್ಪಾಳೆ ಶುರು ಮಾಡಿದರು. ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ನಾಲ್ಕು ಜನ ಸೇರಿದರು, ಆಮೇಲೆ ಇಡೀ ಸಾಲು, ಆಮೇಲೆ ಪಕ್ಕದ ಸಾಲು. ಎಲ್ಲರದೂ ಒಂದೇ ಲಯ.

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಚಿಕ್ಕಂದಿನಿಂದ ನಾನು ಭಜನೆಯವನು. ಶನಿವಾರ ನಮ್ಮ ಬೀದಿಯ ರಾಮಮಂದಿರದಲ್ಲಿ ಹಾಡು ಮನಸ್ಸಿಗೆ ಮುಟ್ಟಿತು ಎಂದರೆ ಯಾರೋ ಒಬ್ಬರು ತಾಳ ಹಾಕುತ್ತಾರೆ, ನಾಲ್ಕು ಜನ ಸೇರುತ್ತಾರೆ, ಆಮೇಲೆ ಮಂದಿರವೇ ಒಂದು ಕೈಯಾಗುತ್ತದೆ. ಇಲ್ಲಿ ಹಿಂದಿನ ದಿನದಿಂದ ಕೇಳಿದ ಚಪ್ಪಾಳೆಗಳು ತಲೆಬುಡವಿಲ್ಲದವು, ಯಾರಿಗೆ ಹೇಗೆ ತೋಚಿದರೆ ಹಾಗೆ ಬಡಿಯುತ್ತಿದ್ದರು. ಅವರ ನಾಯಕರಿಗೂ ಅದೇ ಚದುರಿದ ಚಪ್ಪಾಳೆ. ತಾಳ ಹಿಡಿದು ತಟ್ಟುತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ನನ್ನ ಕಣ್ಣು ತುಂಬಿತು. ಎದ್ದು ನಿಂತು, ಕೈ ಮೇಲೆತ್ತಿ, ತಾಳ ತಪ್ಪದಂತೆ ಗಟ್ಟಿಯಾಗಿ ತಟ್ಟತೊಡಗಿದೆ. ಗ್ಯಾಲರಿಯ ಹುಡುಗರು ಕೆಲವರು ನನ್ನನ್ನು ಕಂಡು ಜೊತೆಗೂಡಿದರು.

ಜಯಮ್ಮ ಮಾತು ನಿಲ್ಲಿಸಿದಳು. ತಲೆ ಎತ್ತಿ ಗ್ಯಾಲರಿ ನೋಡಿದಳು. ನನ್ನನ್ನು ನೋಡಿದಳು. ನಾನು ಇನ್ನೂ ಜೋರಾಗಿ ತಟ್ಟಿದೆ. ಅವಳು ಪೊಟ್ಟಣ ಎತ್ತಿಕೊಂಡು, ವಾಕ್ಯ ಮುಗಿಸದೆ ಕೆಳಗೆ ಇಳಿದಳು.

ಮಿಸೆಸ್ ಆಶ್‌ವರ್ತ್ ನನ್ನ ಮಣಿಕಟ್ಟು ಹಿಡಿದರು. ಅವರ ಮುಖ ಬಿಳುಚಿತ್ತು.

“ಮಿಸ್ಟರ್ ಗೌಡ, ಹೀಗೆ ತಟ್ಟುವುದು ಹೊಗಳುವುದಕ್ಕಲ್ಲ. ಸಾಕು, ಇಳಿ ಎನ್ನುವುದಕ್ಕೆ.”

ನನ್ನ ಎರಡೂ ಕೈ ಇನ್ನೂ ಗಾಳಿಯಲ್ಲಿದ್ದವು. ಅವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಏನೇನೋ ಕಂಡು ಬೆಚ್ಚಿದ್ದೆನಲ್ಲ, ಅದೆಲ್ಲ ಬರೀ ತಮಾಷೆ. ನಿಜವಾದ ಆಘಾತ ಎಂದರೆ ಏನೆಂದು ಆಗ ಗೊತ್ತಾಯಿತು. ನನ್ನ ಹೆಂಡತಿಯನ್ನು ವೇದಿಕೆಯಿಂದ ಇಳಿಸಿದವರಲ್ಲಿ ಅತಿ ಗಟ್ಟಿಯಾಗಿ ಕೇಳಿಸಿದ್ದು ನನ್ನ ಕೈ.

ಸಮುದ್ರಕ್ಕೆ ಮುಖಮಾಡಿ

ಮನೆಯಲ್ಲಾದರೆ ಬಾಗಿಲು ಹಾಕಿಕೊಂಡು ಜಗಳವಾಡಬಹುದಿತ್ತು. ಮಿಸೆಸ್ ಪಿಕರಿಂಗ್ ಬೀಗ ಸಂಜೆಯವರೆಗೆ ತೆಗೆಯುವುದಿಲ್ಲ. ಸಭಾಂಗಣದ ಮೆಟ್ಟಿಲ ಮೇಲೆ ಕೆಲವರು ಜಯಮ್ಮನ ಕೈ ಕುಲುಕಿದರು, ಆ ಬಡಕಲು ಹೆಂಗಸು ಪೊಟ್ಟಣದ ಮೇಲಿನ ವಿಳಾಸ ಬರೆದುಕೊಂಡಳು, ಯಾವುದೋ ಪತ್ರಿಕೆಯವನು ಏನೋ ಕೇಳಿದ. ಜಯಮ್ಮ ಎಲ್ಲರಿಗೂ ನಗುತ್ತ ಉತ್ತರ ಕೊಟ್ಟಳು. ನನ್ನ ಕಡೆ ತಿರುಗಲಿಲ್ಲ. ಕೊನೆಗೆ ಇಬ್ಬರೂ ಹೋಗಿ ಗಾಜಿನ ತಂಗುದಾಣದಲ್ಲಿ, ಮಾತಾಡದೆ ಕೂತ ಆ ಮುದುಕ ಮುದುಕಿಯರ ನಡುವೆ ಮಾತಾಡದೆ ಕೂತೆವು.

ಎಷ್ಟೋ ಹೊತ್ತಿನ ಮೇಲೆ ಅವಳೇ ಬಾಯಿಬಿಟ್ಟಳು.

“ಅಧ್ಯಕ್ಷರು ನಿಮ್ಮನ್ನ ಕರೆಸ್ಕೊಂಡಿದ್ದು ನಂಗೊತ್ತಿತ್ತು. ನೀವು ಮಾತು ಕೊಟ್ಟಿರ್ತೀರಿ ಅಂತಾನೂ ಗೊತ್ತಿತ್ತು. ಬೇಡ ಅಂತ ನನ್ನ ಮುಂದೇನೇ ಹೇಳಿದ್ರೆ ಆಗ್ತಿತ್ತು ಕಣ್ರೀ. ಅಷ್ಟು ಜನರ ಜೊತೆ ಸೇರ್ಕೊಂಡು ಕೈ ತಟ್ಟಿ ಇಳಿಸ್ಬುಟ್ರಿ.”

ಇಂಥ ಚಪ್ಪಾಳೆಯ ಅರ್ಥ ಅವಳಿಗೆ ಹಿಂದಿನ ದಿನವೇ ಪಕ್ಕದ ಪ್ರತಿನಿಧಿಯೊಬ್ಬರು ಹೇಳಿದ್ದರಂತೆ. ನಾನು ಭಜನೆಯ ವಿಷಯ ಹೇಳಿದೆ. ರಾಮಮಂದಿರ, ತಾಳ, ಮಿಸೆಸ್ ಆಶ್‌ವರ್ತ್, ಎಲ್ಲ ಹೇಳಿದೆ. ನನ್ನ ತಾಯಾಣೆ ನನಗೆ ಗೊತ್ತಿರಲಿಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ಅದು ಸಿಕ್ಕಿಬಿದ್ದ ಶಾಲೆ ಹುಡುಗನ ಕಥೆಯಂತೆ ಕೇಳಿಸಿತು. ಅವಳು ಸಮುದ್ರ ನೋಡುತ್ತಲೇ ಕೇಳಿಸಿಕೊಂಡಳು.

“ಇರ್ಲಿ ಬುಡಿ” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ‘ಇರ್ಲಿ ಬುಡಿ’ ಹಡಗಿನಲ್ಲಿ ಬೊಂಬಾಯಿವರೆಗೂ, ಅಲ್ಲಿಂದ ರೈಲಿನಲ್ಲಿ ಮೈಸೂರಿನವರೆಗೂ ನಮ್ಮಿಬ್ಬರ ನಡುವೆ ಕೂತು ಬಂತು. ಅವಳು ನನಗೆ ಕಾಫಿ ಕೊಟ್ಟಳು, ಸಮುದ್ರ ಹಿಡಿಸದೆ ಬಿದ್ದಾಗ ತಲೆ ಒತ್ತಿದಳು, ಊರಿನ ವಿಷಯ ಮಾತಾಡಿದಳು. ಭಾಷಣದ ಸುದ್ದಿಯನ್ನು ಮಾತ್ರ ಎತ್ತಲಿಲ್ಲ. ನಾನು ಎತ್ತಿದಾಗಲೆಲ್ಲ ಎದ್ದು ಹೋಗಿ ಹಡಗಿನ ಕಟಕಟೆ ಹಿಡಿದು ನಿಲ್ಲುತ್ತಿದ್ದಳು.

ದೇವರಾಜ ಮೊಹಲ್ಲಾ

ನಮಗಿಂತ ಮುಂಚೆ ಸುದ್ದಿ ಊರು ಸೇರಿತ್ತು. ಲಂಡನ್ನಿನ ವ್ಯಾಪಾರಿಯೊಬ್ಬರು ಕೂಲಿಯ ವಿಷಯ ವಿಚಾರಿಸಿ ಇಲ್ಲಿನ ಸಾಹುಕಾರರಿಗೆ ಬರೆದಿದ್ದರು. ಬನ್ನಿಮಂಟಪದ ಕಡೆ, ಪಕ್ಕಕ್ಕಿಟ್ಟ ಕಟ್ಟುಗಳನ್ನು ಸದ್ಯಕ್ಕೆ ವಾಪಸು ಕೊಡುತ್ತಿದ್ದಾರೆ ಎಂದು ಹೆಂಗಸರು ಬಂದು ಹೇಳಿಹೋದರು. ರೈಲು ನಿಲ್ದಾಣಕ್ಕೆ ಪಕ್ಷದಿಂದ ಒಬ್ಬರೂ ಬಂದಿರಲಿಲ್ಲ. ಎರಡು ದಿನ ಬಿಟ್ಟು ರಂಗಪ್ಪನವರಿಂದ ಕರೆ ಬಂತು, ಇಬ್ಬರೂ ಬರಬೇಕೆಂದು.

ನಾನು ಬೈಗುಳ ತಿನ್ನಲು ಸಿದ್ಧನಾಗಿ ಹೋದೆ. ಅಧ್ಯಕ್ಷರು ಜಯಮ್ಮನ ಕಡೆ ನೋಡಲಿಲ್ಲ. ನನ್ನ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು, ಕಾಫಿ ತರಿಸಿದರು. ಕೋಣೆಯಲ್ಲಿ ಇನ್ನೊಬ್ಬರಿದ್ದರು, ಆ ಹುಡುಗ ಮೂರ್ತಿಯ ತಂದೆ. ಅವರೂ ನನಗೆ ಕೈ ಮುಗಿದರು. ನನಗೆ ಏನೂ ಅರ್ಥವಾಗಲಿಲ್ಲ.

“ನೀವು ಮಾತು ಉಳಿಸ್ಕೊಂಡ್ರಿ ಮೇಷ್ಟ್ರೇ. ಜನ ಚಪ್ಪಾಳೆ ತಟ್ಟಿ ಕೂರಿಸೋಕೆ ನೋಡ್ದಾಗ ನೀವೂ ಎದ್ದು ನಿಂತು ತಟ್ಟಿದ್ರಂತೆ. ಸಾಹುಕಾರ್ರ ಮಗ ಎಲ್ಲಾ ಬರ್ದಿದ್ದಾನೆ. ಸ್ವಂತ ಹೆಂಡ್ತೀಂತಾನೂ ನೋಡ್ದೆ ಪಕ್ಷದ ಮಾನ ಕಾಪಾಡಿದ್ರಿ” ಎಂದರು ರಂಗಪ್ಪನವರು.

ಆಮೇಲೆ ವಿಷಯಕ್ಕೆ ಬಂದರು. ಗಂಡನೇ ತಪ್ಪು ಎಂದ ಮೇಲೆ ಊರಿಗೆ ಹೇಳಲು ಒಂದು ದಾರಿಯಿದೆ. ಹೆಣ್ಣುಮಗಳು, ಪರದೇಶದಲ್ಲಿ ಯಾರದೋ ಮಾತು ಕೇಳಿ ಆವೇಶದಲ್ಲಿ ಆಡಿದಳು, ಮನೆಯವರು ಅಲ್ಲೇ ಖಂಡಿಸಿದರು ಎಂದು ಪತ್ರಿಕೆಗೆ ನಾಲ್ಕು ಸಾಲು ಕೊಟ್ಟರೆ ಸಾಕು. ಸಾಹುಕಾರರು ಮರೆಯುತ್ತಾರೆ. ಟಿಕೇಟು ಇನ್ನೂ ಯಾರಿಗೂ ಕೊಟ್ಟಿಲ್ಲ.

ನಾನು ಕಾಫಿ ಲೋಟ ಹಿಡಿದುಕೊಂಡೇ ಕೂತೆ. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರೆ ಎಲ್ಲವೂ ಸರಿಹೋಗುತ್ತಿತ್ತು. ನನ್ನ ಮೂರ್ಖತನವನ್ನು ಇವರು ನಿಷ್ಠೆ ಎಂದು ತೂಗಿ ಬೆಲೆ ಕಟ್ಟಿದ್ದರು. ಆ ಬೆಲೆ ಜಯಮ್ಮನ ಟಿಕೇಟು. ನಾನು ಅವಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನನ್ನ ಮಾತನ್ನು ಅವಳು ನಂಬಿಲ್ಲ, ಈಗ ನನ್ನ ವಿರುದ್ಧ ಸಾಕ್ಷಿಯೂ ಸಿಕ್ಕಿತು ಎಂದುಕೊಂಡೆ.

“ಇಲ್ಲ ಸ್ವಾಮಿ” ಎಂದೆ. “ಆ ಚಪ್ಪಾಳೆ ಅರ್ಥ ನಂಗೊತ್ತಿರ್ಲಿಲ್ಲ. ನಾನು ತಟ್ಟಿದ್ದು ಅವಳು ಇನ್ನೂ ಮಾತಾಡ್ಲಿ ಅಂತ. ನಿಮ್ಗೆ ಕೊಟ್ಟ ಮಾತು ಆಗ ನಂಗೆ ನೆನಪೇ ಇರ್ಲಿಲ್ಲ.”

ರಂಗಪ್ಪನವರು ಸಾಹುಕಾರರ ಮುಖ ನೋಡಿದರು. ಯೋಚನೆ ಮಾಡಿ ಮಾತಾಡಿ ಮೇಷ್ಟ್ರೇ ಎಂದರು. ಯೋಚಿಸಿಯೇ ಆಡಿದೆ ಎಂದು ಲೋಟ ಕೆಳಗಿಟ್ಟೆ. ಆ ಸಲ ಟಿಕೇಟು ಬೇರೆಯವರಿಗೆ ಹೋಯಿತು, ಆಮೇಲೂ ಜಯಮ್ಮನಿಗೆ ಸಿಗಲಿಲ್ಲ. ಅದು ಆ ಕೋಣೆಯಲ್ಲೇ ತೀರ್ಮಾನವಾಯಿತು ಎಂದು ಇಬ್ಬರಿಗೂ ಗೊತ್ತಿತ್ತು.

ಹೊರಗೆ ಬಂದೆವು. ಮಾರುಕಟ್ಟೆಯ ಹೂವಿನವರು ಅಂಗಡಿ ತೆಗೆಯುತ್ತಿದ್ದರು. ಜಯಮ್ಮ ನನ್ನ ಮುಂದೆ ಸ್ವಲ್ಪ ದೂರ ನಡೆದು, ನಿಂತು, ನಾನು ಹತ್ತಿರ ಬರುವವರೆಗೆ ಕಾದಳು.

“ಇದನ್ನ ಅಲ್ಲೇ ಹೇಳ್ಬಾರ್ದಿತ್ತಾ?”

ಹೇಳಿದೆನಲ್ಲ, ಆ ತಂಗುದಾಣದಲ್ಲಿ ಕೂತು ಎಲ್ಲಾ ಹೇಳಿದೆ ಎಂದೆ.

“ಅಲ್ಲಿ ನೀವು ಹೇಳಿದ್ದು ಭಜನೆ ವಿಷ್ಯ ಕಣ್ರೀ. ನಾನು ಇನ್ನೂ ಮಾತಾಡ್ಲಿ ಅಂತ ನಿಮ್ಗಿತ್ತು ಅಂತ ಹೇಳ್ಲೇ ಇಲ್ವಲ್ಲ.”